ಒಂದು ಸೆಕೆಂಡಿನ ಚಿನ್ನ, ಗ್ರಾಂ ಲೆಕ್ಕದ ಸೈಕಲ್

2012ರ ಆಗಸ್ಟ್ 12, ಲಂಡನ್ ಒಲಿಂಪಿಕ್ಸ್‌ನ ಕೊನೆಯ ದಿನ. ಹ್ಯಾಡ್ಲಿ ಫಾರ್ಮ್‌ನ ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ಝೆಕ್ ಗಣರಾಜ್ಯದ ಯಾರೊಸ್ಲಾವ್ ಕುಲ್ಹಾವಿ, ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಅವರನ್ನು ಕೇವಲ ಒಂದು ಸೆಕೆಂಡಿನಿಂದ ಹಿಂದಿಕ್ಕಿ ಚಿನ್ನ ಗೆದ್ದರು. ಕುಲ್ಹಾವಿ ಅವರ ಸೈಕಲಿಗೆ ಹಿಂದೆ-ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇತ್ತು. ಶುರ್ಟರ್ ಅವರದಕ್ಕೆ ಮುಂದೆ ಮಾತ್ರ. ಗೆಲುವು ಸೈಕಲಿನದೇ ಎನ್ನಲಾಗದು. ಆದರೂ 2016ರಲ್ಲಿ ರಿಯೊದಲ್ಲಿ ಶುರ್ಟರ್ ಚಿನ್ನ ಗೆದ್ದದ್ದು ಎರಡೂ ಕಡೆ ಸಸ್ಪೆನ್ಷನ್ ಇದ್ದ ಸೈಕಲಿನಲ್ಲೇ.

ಇಂಥ ಕಾರ್ಬನ್ ಸೈಕಲನ್ನು ಬಿಡಿಭಾಗ ಕೊಂಡು ಜೋಡಿಸುವವರು ಗ್ರಾಂ ಲೆಕ್ಕದಲ್ಲೇ ಮುಳುಗುವುದುಂಟು. ಅದಕ್ಕಿಂತ ಮುಖ್ಯವಾದುದು ಸವಾರನ ತೂಕಕ್ಕೆ ಸೈಕಲನ್ನು ಹೊಂದಿಸುವುದು. ಸವಾರ ಕುಳಿತಾಗ ಹಿಂದಿನ ಶಾಕ್ ಅಬ್ಸಾರ್ಬರ್ ತನ್ನ ಚಲನೆಯ ಸುಮಾರು ಶೇ. 20ರಿಂದ 25ರಷ್ಟು ಕುಸಿಯಬೇಕು, 45 ಮಿ.ಮೀ. ಚಲನೆಯಿದ್ದರೆ 9ರಿಂದ 11 ಮಿ.ಮೀ. ಕಡಿಮೆಯಾದರೆ ಚಕ್ರ ಪುಟಿದು ಹಿಡಿತ ತಪ್ಪುತ್ತದೆ. ಹೆಚ್ಚಾದರೆ ಪೆಡಲ್ ಕಲ್ಲಿಗೆ ಬಡಿಯುತ್ತದೆ.

ಬೋಲ್ಟು ಬಿಗಿಯಲು ಟಾರ್ಕ್ ವ್ರೆಂಚ್ ಬೇಕೇಬೇಕು. ಅತಿಯಾಗಿ ಬಿಗಿದರೆ ಕಾರ್ಬನ್ ಹ್ಯಾಂಡಲ್ ಕಣ್ಣಿಗೆ ಕಾಣದಂತೆ ಬಿರುಕು ಬಿಟ್ಟು, ಇಳಿಜಾರಿನಲ್ಲಿ ಒಮ್ಮೆಲೇ ಮುರಿಯಬಹುದು. ಬಿಗಿಯ ಮಿತಿ ಸಾಮಾನ್ಯವಾಗಿ ಬಿಡಿಭಾಗದ ಮೇಲೆಯೇ ಅಚ್ಚಾಗಿರುತ್ತದೆ. ಗ್ರಾಂ ಉಳಿಸುವ ಮುನ್ನ ಅದನ್ನು ಓದಿಕೊಳ್ಳುವುದು ಒಳಿತು.