ಚಿಕ್ಕ ಮಕ್ಕಳಿಗೆ ಯಾವ ಕಲಿಕೆಯ ಆಟ?

ಪ್ರಶ್ನೆ: ಮಗಳಿಗೆ ಆರು ವರ್ಷ, ಮಗನಿಗೆ ಮೂರು. ‘ಎಜುಕೇಶನಲ್’ ಎಂದು ಬರೆದುಕೊಂಡ ವಿಡಿಯೊ ಗೇಮ್‌ಗಳು ರಾಶಿ ರಾಶಿ ಇವೆ. ಆರಿಸುವುದು ಹೇಗೆ?

ಉತ್ತರ: ಆ ಹಣೆಪಟ್ಟಿಯನ್ನು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು, ನಂಬಬೇಡಿ. ಮೊದಲು ನೀವೇ ಆಡಿ ನೋಡಿ. ನಡುವೆ ಜಾಹೀರಾತು ನುಗ್ಗಿದರೆ, ದುಡ್ಡು ಕೊಟ್ಟು ನಾಣ್ಯ ಕೊಳ್ಳಿ ಎಂದರೆ ಅಲ್ಲೇ ಅಳಿಸಿಬಿಡಿ. ಮುಖ್ಯವಾದದ್ದು, ಮಗು ತಪ್ಪಿದಾಗ ಆಟ ಏನು ಮಾಡುತ್ತದೆ ಎಂಬುದು. ಬರೀ ಕೆಂಪು ಗುರುತು ಹಾಕಿ ಮುಂದೆ ಹೋದರೆ ಮಗು ಊಹಿಸಿ ಒತ್ತುವುದನ್ನಷ್ಟೇ ಕಲಿಯುತ್ತದೆ. ಸ್ಕ್ರಾಚ್‌ಜೂನಿಯರ್ ಹಾಗೆ ಮಾಡುವುದಿಲ್ಲ, ಅದು ನನಗೆ ಮೆಚ್ಚುಗೆಯಾಗುವುದು ಇದಕ್ಕೇ. 2014ರಲ್ಲಿ ಬಂದ ಈ ಉಚಿತ ಆ್ಯಪ್ 5ರಿಂದ 7 ವರ್ಷದವರಿಗೆಂದೇ ಮಾಡಿದ್ದು, ಓದಲು ಬರಬೇಕಿಲ್ಲ. ಒಂದೊಂದು ಆಜ್ಞೆಯನ್ನು ಸೂಚಿಸುವ ಚಿತ್ರದ ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಪರದೆಯ ಮೇಲಿನ ಬೆಕ್ಕು ನಡೆಯುತ್ತದೆ, ಜಿಗಿಯುತ್ತದೆ. ಜೋಡಣೆ ತಪ್ಪಿದರೆ ಇನ್ನೆಲ್ಲೋ ಹೋಗುತ್ತದೆ. ಎಲ್ಲಿ ಎಡವಟ್ಟಾಯಿತೆಂದು ಮಗುವೇ ಹುಡುಕುತ್ತದೆ. ತನ್ನದೇ ದನಿ ರೆಕಾರ್ಡ್ ಮಾಡಿ ಬೆಕ್ಕಿನಿಂದ ಕನ್ನಡವನ್ನೂ ಆಡಿಸಬಹುದು! ಎಣಿಕೆ, ಅಕ್ಷರಗಳ ಚಟುವಟಿಕೆ ಬೇಕಿದ್ದರೆ ಜಿಕಾಂಪ್ರಿ ಎಂಬ ಆ್ಯಪ್ ಇದೆ; ಅದೂ ಉಚಿತ, ಜಾಹೀರಾತಿಲ್ಲ.

ಮಗನ ವಿಷಯದಲ್ಲಿ ಆಟಕ್ಕಿಂತ ಹೊತ್ತಿನ ಮೇಲೆ ಕಣ್ಣಿಡಿ. 2ರಿಂದ 4 ವರ್ಷದ ಮಕ್ಕಳಿಗೆ ಪರದೆಯ ಮುಂದೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.