ಟ್ವಿನ್ ಕ್ಯಾಮ್ ಕಾರಿನ ಟೈಮಿಂಗ್ ಚೈನು: ಕೀ ತಿರುಗಿಸುವ ಮೊದಲು ಕೈಯಲ್ಲಿ ಎರಡು ಸುತ್ತು

ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಾಗಲಿ, ಕೆ.ಆರ್.ಪೇಟೆ, ನಾಗಮಂಗಲದ ಬೆದ್ದಲು ಕಡೆಯಲ್ಲಾಗಲಿ, ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಹಳೇ ಕಾರು ನಿಂತಿರುವ ಮನೆಗಳು ಬಹಳ. ಹಿಂದಿನ ಸೀಟು ಬಿಚ್ಚಿಟ್ಟು ಟೊಮೆಟೊ ಕ್ರೇಟು, ರೇಷ್ಮೆ ಗೂಡಿನ ಚೀಲ, ಹಿಂಡಿ ಮೂಟೆ ಎಲ್ಲವನ್ನೂ ಅದರಲ್ಲೇ ಹೊರುತ್ತೇವೆ. ಬೇಬಿ ಬೆಟ್ಟದ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ನಾವು, ಈ ಕಾರಿನ ಹೊಟ್ಟೆಯೊಳಗಿನ ಹಲ್ಲಿನ ವಿಚಾರ ಬಂದರೆ ಮಾತ್ರ ಗ್ಯಾರೇಜಿನವರು ಹೇಳಿದ್ದೇ ಸರಿ ಅಂತ ಸುಮ್ಮನಾಗುತ್ತೇವೆ.

ಟೈಮಿಂಗ್ ಚೈನಿನ ಕೆಲಸದಲ್ಲಿ ಹಾಗೆ ಸುಮ್ಮನಿರಬೇಡಿ. ಒಂದು ಹಲ್ಲು ಆಚೀಚೆ ಕೂತರೂ ಎಂಜಿನ್ ಸರಿಯಾಗಿ ಓಡೋಲ್ಲ. ಇನ್ನೂ ಹೆಚ್ಚು ತಪ್ಪಿದರೆ ವಾಲ್ವು ಬಗ್ಗಿ ಹೆಡ್ಡನ್ನೇ ಇಳಿಸಬೇಕಾಗುತ್ತೆ. ಒಂದು ಬೆಳೆಯ ದುಡ್ಡು ಅಲ್ಲಿಗೇ ಹೋದಂತೆ. ಇದನ್ನು ತಪ್ಪಿಸೋದಕ್ಕೆ ನಾವೇ ಮೆಕ್ಯಾನಿಕ್ ಆಗಬೇಕಿಲ್ಲ. ಪಕ್ಕದಲ್ಲಿ ನಿಂತು ಏನು ನೋಡಬೇಕು, ಏನು ಕೇಳಬೇಕು ಅಂತ ಗೊತ್ತಿದ್ದರೆ ಸಾಕು.

ಟೈಮಿಂಗ್ ಅಂದರೇನು?

ಕಪಿಲೆ ಹೊಡೆದವರಿಗೆ ಇದು ಬೇಗ ತಿಳಿಯುತ್ತೆ. ತೊಗಲಿನ ಬಾನಿಗೆ ಎರಡು ಹಗ್ಗ. ದಪ್ಪ ಹಗ್ಗ ಬಾನಿಯನ್ನು ಮೇಲಕ್ಕೆ ಎಳೆಯೋದಕ್ಕೆ, ಸಣ್ಣ ಹಗ್ಗ ಬಾನಿಯ ಬಾಲವನ್ನು ಮಡಿಸಿ ಹಿಡಿಯೋದಕ್ಕೆ. ಎರಡರ ಉದ್ದ ಹೊಂದಿಕೊಂಡಿದ್ದರೆ ಬಾನಿ ಮೇಲೆ ಬಂದಾಗ ನೀರು ತೊಟ್ಟಿಗೆ ಬೀಳುತ್ತೆ. ಹೊಂದದಿದ್ದರೆ ನೀರು ಬಾವಿಯೊಳಗೇ ಸುರಿದುಹೋಗುತ್ತೆ. ಎತ್ತು ಎಷ್ಟು ಗಟ್ಟಿಯಾಗಿ ಎಳೆದರೂ ಪ್ರಯೋಜನ ಇಲ್ಲ.

ಎಂಜಿನ್ನಿನಲ್ಲೂ ಹಾಗೇ. ಕೆಳಗೆ ಕ್ರ್ಯಾಂಕ್ ತಿರುಗಿ ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುತ್ತೆ. ಮೇಲೆ ಕ್ಯಾಮ್ ತಿರುಗಿ ತನ್ನ ಉಬ್ಬಿನಿಂದ ವಾಲ್ವನ್ನು ಒತ್ತಿ ಬಾಗಿಲು ತೆಗೆಯುತ್ತೆ. ಹೀರೋದು, ಹಿಸುಕೋದು, ಸಿಡಿಯೋದು, ಹೊಗೆ ಉಗುಳೋದು, ಹೀಗೆ ನಾಲ್ಕು ಕೆಲಸ ಮುಗಿಯುವಾಗ ಕ್ರ್ಯಾಂಕ್ ಎರಡು ಸುತ್ತು, ಕ್ಯಾಮ್ ಒಂದು ಸುತ್ತು ತಿರುಗಿರುತ್ತೆ. ಅದಕ್ಕೇ ಕ್ರ್ಯಾಂಕಿನ ಸ್ಪ್ರಾಕೆಟ್ಟಿಗೆ ಎಷ್ಟು ಹಲ್ಲಿದೆಯೋ ಕ್ಯಾಮಿನದಕ್ಕೆ ಅದರ ಎರಡರಷ್ಟು. ಈ ಎರಡನ್ನೂ ಹೊಂದಿಸಿ ಇಡುವ ಹಗ್ಗವೇ ಟೈಮಿಂಗ್ ಚೈನು.

ನಮ್ಮ ಡೀಸೆಲ್ ಪಂಪ್‌ಸೆಟ್ಟಿನಲ್ಲಿ, ಆಲೆಮನೆ ಎಂಜಿನ್ನಿನಲ್ಲಿ ಚೈನಿನ ಬದಲು ಗೇರು ಇರುತ್ತೆ. ಚುಕ್ಕಿ ಇರುವ ಹಲ್ಲನ್ನು ಚುಕ್ಕಿಗೆ ಕೂಡಿಸಿದರೆ ಮುಗಿಯಿತು. ಹಳೇ ಅಂಬಾಸಿಡರಿನಲ್ಲಿ ಚೈನು ಇತ್ತು, ಆದರೆ ಕ್ಯಾಮ್ ಒಂದೇ. ಎರಡು ಸ್ಪ್ರಾಕೆಟ್ಟಿನ ಗುರುತು ಎದುರುಬದುರು ಬಂದರೆ ಆಯಿತು. ಮಾರುತಿ 800ರಲ್ಲೂ ಕ್ಯಾಮ್ ಒಂದೇ, ಅದನ್ನು ತಿರುಗಿಸೋದು ರಬ್ಬರ್ ಬೆಲ್ಟು. ಟ್ವಿನ್ ಕ್ಯಾಮ್ ಅಂದರೆ ಗಾಳಿ ಹೀರುವ ವಾಲ್ವುಗಳಿಗೇ ಒಂದು ಕ್ಯಾಮ್, ಹೊಗೆ ಉಗುಳುವ ವಾಲ್ವುಗಳಿಗೇ ಇನ್ನೊಂದು. 1912ರಲ್ಲಿ ಫ್ರಾನ್ಸಿನ ಪೂಷೋ ಕಂಪನಿ ರೇಸಿನ ಕಾರಿಗೆ ಇಂಥ ಎಂಜಿನ್ ಮಾಡಿತ್ತು. ನಮ್ಮ ಹಳ್ಳಿಗಳಿಗೆ ಅದು ಹೆಚ್ಚಾಗಿ ಬಂದದ್ದು 2010ರಲ್ಲಿ ಹೊರಟ ಆಲ್ಟೊ ಕೆ10ನಂಥ ಕಾರುಗಳ ಜೊತೆ. ಈಗ ಮೂರು ಸ್ಪ್ರಾಕೆಟ್ಟು, ಒಂದು ಉದ್ದ ಚೈನು. ಒಂಟೆತ್ತಿಗಿಂತ ಜೋಡೆತ್ತು ಹೂಡೋದು ಹೆಚ್ಚು ನಾಜೂಕು ಅಲ್ಲವೇ? ಹಾಗೆ.

ಒಂದು ಹಲ್ಲು ಅಂದರೆ ಎಷ್ಟು?

ಲೆಕ್ಕಕ್ಕೆ ಕ್ರ್ಯಾಂಕಿಗೆ 18 ಹಲ್ಲು, ಕ್ಯಾಮಿಗೆ 36 ಹಲ್ಲು ಅಂತ ಇಟ್ಟುಕೊಳ್ಳಿ. ಸುತ್ತಿಗೆ 360 ಡಿಗ್ರಿ. ಕ್ಯಾಮ್ ಒಂದು ಹಲ್ಲು ತಪ್ಪಿದರೆ 10 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 20 ಡಿಗ್ರಿ. ಅಷ್ಟು ಬೇಗ ಅಥವಾ ತಡವಾಗಿ ಬಾಗಿಲು ತೆಗೆದರೆ ಎಂಜಿನ್ ನಡುಗುತ್ತೆ, ಏರಿನಲ್ಲಿ ಎಳೆಯೋಲ್ಲ, ಪೆಟ್ರೋಲು ಹೆಚ್ಚು ಕುಡಿಯುತ್ತೆ. ಮೀಟರಿನಲ್ಲಿ ಎಂಜಿನ್ ದೀಪ ಹತ್ತಬಹುದು. ಸ್ಕ್ಯಾನರ್ ಹಾಕಿದಾಗ ಪಿ 0016 ಅಂತ ಬಂದರೆ ಕ್ರ್ಯಾಂಕಿಗೂ ಕ್ಯಾಮಿಗೂ ಹೊಂದಿಕೆ ಇಲ್ಲ ಎಂದು ಅರ್ಥ. ಹಲವು ಹಲ್ಲು ತಪ್ಪಿದರೆ, ತೆರೆದ ವಾಲ್ವಿಗೆ ಮೇಲೆ ಬರುವ ಪಿಸ್ಟನ್ ಗುದ್ದುತ್ತೆ.

ಕೂಡಿಸುವ ಕ್ರಮ

1. ಬ್ಯಾಟರಿಯ ಮೈನಸ್ ವೈರು ಬಿಚ್ಚಬೇಕು, ಪ್ಲಗ್ಗುಗಳನ್ನೆಲ್ಲ ತೆಗೆಯಬೇಕು. ಪ್ಲಗ್ ತೆಗೆದರೆ ಕೈಯಲ್ಲಿ ತಿರುಗಿಸೋದು ಹಗುರ.

2. ಆ ಎಂಜಿನ್ನಿನ ಪುಸ್ತಕದಲ್ಲಿ ಗುರುತು ಎಲ್ಲಿದೆ ಅಂತ ನೋಡಲೇಬೇಕು. ಹೆಚ್ಚಿನವುಗಳಲ್ಲಿ ಒಂದನೇ ಪಿಸ್ಟನ್ನನ್ನು ಟಾಪಿಗೆ ತರುತ್ತಾರೆ, ಆದರೆ ಎಲ್ಲದರಲ್ಲೂ ಅಲ್ಲ. ಒಂದು ಕಾರಿನ ಅಂದಾಜು ಇನ್ನೊಂದಕ್ಕೆ ನಡೆಯೋಲ್ಲ.

3. ಚೈನು ಕಳಚಿದ ಮೇಲೆ ಕ್ಯಾಮನ್ನಾಗಲಿ ಕ್ರ್ಯಾಂಕನ್ನಾಗಲಿ ಮನಸ್ಸಿಗೆ ಬಂದಂತೆ ತಿರುಗಿಸಬಾರದು. ಕ್ಯಾಮನ್ನು ಅದರ ಮೈಮೇಲಿರುವ ಆರು ಮೂಲೆಯ ಭಾಗಕ್ಕೆ ಸ್ಪ್ಯಾನರ್ ಹಾಕಿಯೇ ತಿರುಗಿಸಬೇಕು. ಅಡ್ಡಿ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಬೇಕು, ಒತ್ತಿ ಎಳೆಯಬಾರದು.

4. ಚೈನಿನಲ್ಲಿ ಬಣ್ಣದ ಕೊಂಡಿಗಳಿರುತ್ತವೆ. ಕ್ರ್ಯಾಂಕಿನ ಗುರುತಿಗೆ ಒಂದು, ಎರಡು ಕ್ಯಾಮಿನ ಗುರುತಿಗೆ ಒಂದೊಂದು ಕೂರಬೇಕು. ಚೈನಿಗೆ ಒಂದು ಬಿಗಿ ಮಗ್ಗುಲು, ಒಂದು ಸಡಿಲ ಮಗ್ಗುಲು. ಸುಮ್ಮನೆ ಗೈಡು ಇರೋದು ಬಿಗಿ ಮಗ್ಗುಲು, ಟೆನ್ಷನರ್ ಇರೋದು ಸಡಿಲ ಮಗ್ಗುಲು. ಬಿಗಿ ಮಗ್ಗುಲಿನಲ್ಲೂ ಎರಡು ಕ್ಯಾಮಿನ ನಡುವೆಯೂ ಜೋಲು ಇರಕೂಡದು. ಇರುವ ಜೋಲೆಲ್ಲ ಟೆನ್ಷನರ್ ಕಡೆಗೇ ಬರಬೇಕು.

5. ಟೆನ್ಷನರನ್ನು ಒಳಕ್ಕೆ ಒತ್ತಿ ಪಿನ್ನು ಹಾಕಿ ಕೂಡಿಸುತ್ತಾರೆ. ಬೋಲ್ಟು ಬಿಗಿದ ಮೇಲೆ ಪಿನ್ನು ಎಳೆದು, ಟೆನ್ಷನರ್ ಚೈನನ್ನು ಒತ್ತಿದೆಯೇ ಅಂತ ಕಣ್ಣಲ್ಲೇ ನೋಡಬೇಕು.

6. ಈಗ ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ, ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಎಲ್ಲೂ ಕಟ್ ಅಂತ ತಡೆಯಬಾರದು. ಎರಡನೇ ಸುತ್ತು ಮುಗಿದಾಗ ಮೂರೂ ಸ್ಪ್ರಾಕೆಟ್ಟಿನ ಗುರುತು ಮೊದಲಿದ್ದ ಜಾಗಕ್ಕೇ ಬರಬೇಕು. ಒಂದೇ ಸುತ್ತಿಗೆ ನಿಲ್ಲಿಸಿದರೆ ಕ್ಯಾಮ್ ಅರ್ಧ ಸುತ್ತು ಮಾತ್ರ ಬಂದಿರುತ್ತೆ, ಗುರುತು ತಿರುಗುಮುರುಗಾಗಿ ಕಾಣುತ್ತೆ. ಗಾಬರಿ ಬೇಡ, ಇನ್ನೊಂದು ಸುತ್ತು ಹಾಕಿ.

ಬಣ್ಣದ ಕೊಂಡಿ ಮತ್ತೆ ಸೇರದಿದ್ದರೆ?

ಗ್ಯಾರೇಜಿನಲ್ಲಿ ಹೆಚ್ಚು ವಾದ ನಡೆಯೋದು ಇಲ್ಲೇ. ಎರಡು ಸುತ್ತು ತಿರುಗಿಸಿ ನೋಡಿದರೆ ಬಣ್ಣದ ಕೊಂಡಿ ಎಲ್ಲೋ ಹೋಗಿರುತ್ತೆ. ತಪ್ಪಾಯಿತು ಅಂತ ಸರಿಯಾಗಿ ಕೂತ ಚೈನನ್ನೇ ಬಿಚ್ಚಿ ಮತ್ತೆ ಹಾಕುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಚೈನಿಗೆ 120 ಕೊಂಡಿ ಅಂತಿಟ್ಟುಕೊಳ್ಳೋಣ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಚೈನು ಮುಂದಕ್ಕೆ ಹೋಗೋದು 36 ಕೊಂಡಿ ಮಾತ್ರ. ಕೊಂಡಿಯೂ ಗುರುತೂ ಮತ್ತೆ ಮೊದಲಿನಂತೆ ಒಂದೆಡೆ ಸೇರಬೇಕಾದರೆ ಕ್ರ್ಯಾಂಕ್ 20 ಸುತ್ತು ತಿರುಗಬೇಕು. ಬಣ್ಣದ ಕೊಂಡಿ ಕೂಡಿಸುವ ಹೊತ್ತಿಗೆ ಮಾತ್ರ ಸಹಾಯ. ಆಮೇಲೆ ನೋಡಬೇಕಾದ್ದು ಸ್ಪ್ರಾಕೆಟ್ಟಿನ ಗುರುತು, ಅದರ ಎದುರಿಗೆ ಹೆಡ್ಡಿನ ಮೇಲೆ, ಬ್ಲಾಕಿನ ಮೇಲೆ ಇರುವ ಗುರುತು.

ಕೆ.ಆರ್.ಪೇಟೆ ಕಡೆಯ ನನ್ನ ಭಾವಮೈದನ ಕಾರಿಗೆ ಪಟ್ಟಣದ ಒಂದು ಗ್ಯಾರೇಜಿನಲ್ಲಿ ಹೊಸ ಚೈನು ಹಾಕಿದ್ದರು. ಕಾರು ಸ್ಟಾರ್ಟ್ ಆಯಿತು, ಆದರೆ ನಡುಕ. ಚೂರು ಓಡಿದರೆ ಸರಿಹೋಗುತ್ತೆ ಅಂತ ಹೇಳಿ ಕಳಿಸಿದರು. ಅದೇ ವಾರ ಅವನ ಹುಳು ಗೂಡು ಕಟ್ಟಿತ್ತು. ಗೂಡು ಬಿಡಿಸಿದ ಮೇಲೆ ಕಾಯೋ ಹಾಗಿಲ್ಲ, ತಡ ಮಾಡಿದರೆ ಚಿಟ್ಟೆ ಕೊರೆದು ಹೊರಬರುತ್ತೆ. ಏರಿನಲ್ಲಿ ಎಳೆಯದ ಕಾರನ್ನು ನಂಬದೆ ಬಾಡಿಗೆ ಗಾಡಿಯಲ್ಲಿ ರಾಮನಗರದ ಮಾರುಕಟ್ಟೆಗೆ ಹೊರಿಸಿದ. ಆಮೇಲೆ ಗ್ಯಾರೇಜು ಕೆಲಸ ಕಲಿತ ನನ್ನ ಅಣ್ಣನ ಮಗ ಕವರು ಬಿಚ್ಚಿದ. ನಾನು ಟಾರ್ಚು ಹಿಡಿದು ಪಕ್ಕದಲ್ಲೇ ಇದ್ದೆ. ಗಾಳಿ ಹೀರುವ ಕಡೆಯ ಕ್ಯಾಮ್ ಸರಿಯಾಗಿ ಒಂದು ಹಲ್ಲು ಹಿಂದಿತ್ತು. ಎರಡು ಕ್ಯಾಮಿನ ನಡುವೆ ಜೋಲು ಬಿಟ್ಟು ಪಿನ್ನು ಎಳೆದಿದ್ದರೆ ಆಗೋದು ಹೀಗೇ ಅಂದ. ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿದ್ದರೆ ಕವರು ಮುಚ್ಚುವ ಮೊದಲೇ ಕಾಣುತ್ತಿತ್ತು. ವಾಲ್ವು ಬಗ್ಗಿರಲಿಲ್ಲ, ಅದೊಂದು ಪುಣ್ಯ.

ಚೈನು ಹಾಳಾಗೋದು ಯಾಕೆ?

ಚೈನು ಉದ್ದ ಆಯಿತು ಅಂತೇವೆ. ಕಬ್ಬಿಣ ಎಳೆದು ಉದ್ದ ಆಗಿರೋಲ್ಲ. ಕೊಂಡಿಯ ಪಿನ್ನುಗಳು ಸವೆದು, ಆ ಸವೆತ ಎಲ್ಲ ಕೂಡಿ ಉದ್ದ ಕಾಣುತ್ತೆ. ಸವೆಯೋದಕ್ಕೆ ದೊಡ್ಡ ಕಾರಣ ಆಯಿಲು. ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ, ಮಟ್ಟ ಕಡಿಮೆ ಇದ್ದರೆ ಚೈನಿಗೂ ಕೇಡು, ಟೆನ್ಷನರಿಗೂ ಕೇಡು. ಹೆಚ್ಚಿನ ಟೆನ್ಷನರುಗಳು ಚೈನನ್ನು ಒತ್ತಿ ಹಿಡಿಯೋದು ಆಯಿಲಿನ ಒತ್ತಡದಿಂದಲೇ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಮುಂಭಾಗದಲ್ಲಿ ಗಲಗಲ ಸದ್ದು ದಿನದಿಂದ ದಿನಕ್ಕೆ ಹೆಚ್ಚಾದರೆ ಮುಂದೂಡಬೇಡಿ. ಹಾಕುವಾಗ ಚೈನು, ಗೈಡು, ಟೆನ್ಷನರ್ ಒಟ್ಟಿಗೆ ಹಾಕಿಸಿ. ಸ್ಪ್ರಾಕೆಟ್ಟಿನ ಹಲ್ಲು ಚೂಪಾಗಿದ್ದರೆ ಅದನ್ನೂ ಬದಲಿಸಿ. ಸವೆದ ಹಲ್ಲಿನ ಮೇಲೆ ಹೊಸ ಚೈನು ಬಾಳೋಲ್ಲ.

ಮುಚ್ಚುವಾಗ ಕವರಿಗೆ ಹಚ್ಚುವ ಸಿಲಿಕಾನ್ ಅಂಟು ತೆಳ್ಳಗಿರಲಿ. ಒಳಕ್ಕೆ ಉಬ್ಬಿದ್ದು ಕಳಚಿ ಚೇಂಬರಿಗೆ ಬಿದ್ದರೆ ಆಯಿಲ್ ಜಾಲರಿ ಕಟ್ಟಿಕೊಳ್ಳುತ್ತೆ. ಆಯಿಲ್ ತುಂಬಿಸಿ, ಮಟ್ಟ ನೋಡಿ, ಆಮೇಲೆ ಸೆಲ್ಫ್ ಹೊಡೆಯಲಿ. ಮೊದಲ ಕೆಲವು ಸೆಕೆಂಡು ಸದ್ದು ಬಂದು ನಿಂತರೆ ಟೆನ್ಷನರಿಗೆ ಆಯಿಲ್ ಏರಿತು ಅಂತ ತಿಳಿಯಿರಿ. ನಿಲ್ಲದಿದ್ದರೆ ಆ ಕ್ಷಣವೇ ಆಫ್ ಮಾಡಿಸಿ.

ಗ್ಯಾರೇಜಿನಲ್ಲಿ ಕೇಳಬೇಕಾದ್ದು ಮೂರೇ. ಈ ಎಂಜಿನ್ನಿನ ಗುರುತಿನ ಚಿತ್ರ ನಿಮ್ಮ ಹತ್ತಿರ ಇದೆಯೇ? ಟೆನ್ಷನರಿನ ಪಿನ್ನು ತೆಗೆದಿರಾ? ಕವರು ಮುಚ್ಚುವ ಮೊದಲು ನನ್ನ ಎದುರಿಗೆ ಎರಡು ಸುತ್ತು ತಿರುಗಿಸಿ ಗುರುತು ತೋರಿಸುತ್ತೀರಾ? ಕೆಲಸ ಬಲ್ಲ ಮೆಕ್ಯಾನಿಕ್ಕು ಇದಕ್ಕೆ ಬೇಜಾರು ಮಾಡಿಕೊಳ್ಳೋಲ್ಲ, ಅವರೇ ಕರೆದು ತೋರಿಸುತ್ತಾರೆ. ತೋರಿಸಿದಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಅದೇ ಎಂಜಿನ್ ಬಿಚ್ಚುವವರಿಗೆ ಉಪಯೋಗಕ್ಕೆ ಬರುತ್ತೆ.

ಪವರ್ ಟಿಲ್ಲರ್, ಟ್ರ್ಯಾಕ್ಟರಿನ ಟೈಮಿಂಗ್ ಗೇರು ಕೂಡಿಸಿ ಅನುಭವ ಇರುವ ರೈತರು ಅದರ ಗುರುತು, ಕ್ರಮವನ್ನು ಬರೆದು ತಿಳಿಸಿದರೆ ನಮಗೆಲ್ಲ ಅನುಕೂಲ.