ಅಚ್ಚು ಕೆತ್ತುವವನ ಕಣ್ಣು

ಲಂಡನ್ನಿನ ಬ್ರಾಡ್‌ಬರಿ ಅಂಡ್ ಇವಾನ್ಸ್ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದಾಗ ಜಾರ್ಜ್ ಸ್ಮಿತ್‌ಗೆ 14 ವರ್ಷ. ಬಡವರ ಮನೆಯ ಹುಡುಗ. ಶಾಲೆ ಅಲ್ಲಿಗೇ ಮುಗಿದಿತ್ತು. ಕಲಿಯಬೇಕಾದ ಕಸುಬು ಬ್ಯಾಂಕ್ ನೋಟಿನ ಅಚ್ಚು ಕೆತ್ತುವುದು. ಲೋಹದ ತಗಡಿನ ಮೇಲೆ ಕೂದಲೆಳೆಯಂಥ ಗೆರೆಗಳು. ಒಂದು ಗೆರೆ ಜಾರಿತೆಂದರೆ ಅಷ್ಟೂ ದಿನದ ಶ್ರಮ ದಂಡ. ಕೈ ಬೇಗ ಕುದುರಿತು. ಹೊಟ್ಟೆಪಾಡಿಗೆ ಮೋಸವಿಲ್ಲದ ಕೆಲಸ. ಮನಸ್ಸು ಮಾತ್ರ ಅಲ್ಲಿ ನಿಲ್ಲಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಿಟ್ಟರೆ ಅವನು ಹೊರಡುತ್ತಿದ್ದುದು ಬ್ರಿಟಿಷ್ ಮ್ಯೂಸಿಯಂಗೆ. ಇಂದಿನ ಇರಾಕಿನ ಮೋಸುಲ್ ಬಳಿಯ ನಿನೆವೆಯಿಂದ ಲೇಯಾರ್ಡ್ ಮತ್ತು ರಸ್ಸಾಂ ಅಗೆದು ತಂದ ಮಣ್ಣಿನ ಫಲಕಗಳು ಅಲ್ಲಿ ಚೂರುಚೂರಾಗಿ ಬಿದ್ದಿದ್ದವು. ಅಸ್ಸೀರಿಯದ ದೊರೆ ಅಶುರ್‌ಬನಿಪಾಲನ ಗ್ರಂಥಾಲಯವದು. ಕ್ರಿ.ಪೂ. 612ರಲ್ಲಿ ನಗರ ಬಿದ್ದಾಗ ಅದೂ ಕುಸಿದಿತ್ತು. ಈ ಹಕ್ಕಿಕಾಲಿನ ಗುರುತುಗಳನ್ನು ಓದುವ ಗೋಜಿಗೆ ಯಾರೂ ಹೋಗುವುದಿಲ್ಲವಲ್ಲ ಎಂದು ಅಲ್ಲಿನ ಕಾವಲಿನವನೊಬ್ಬ ಗೊಣಗಿದ್ದು ಸ್ಮಿತ್‌ನ ಕಿವಿಗೆ ಬಿತ್ತಂತೆ. ಕತೆ ನಿಜವೋ ಕಟ್ಟಿದ್ದೋ, ಹುಡುಗನಂತೂ ಆ ಗೋಜಿಗೆ ಹೋದ. ಹಗಲು ನೋಟಿನ ತಗಡು, ಸಂಜೆ ಬೆಣೆಯಾಕಾರದ ಲಿಪಿ. ಮದುವೆಯಾಯಿತು, ಸಂಸಾರ ಬೆಳೆಯಿತು. ಕೈಯಲ್ಲಿದ್ದ ಕೆಲಸವನ್ನು ಒಮ್ಮೆಗೇ ಬಿಟ್ಟುಬರುವ ಧೈರ್ಯ ಯಾರಿಗಿದ್ದೀತು?

ದಿನವೂ ಬಂದು ಕೂರುವ ಈ ಕೆತ್ತನೆಗಾರನನ್ನು ವಿಭಾಗದ ಮುಖ್ಯಸ್ಥ ಸ್ಯಾಮ್ಯುಯೆಲ್ ಬರ್ಚ್ ಗಮನಿಸಿದ. ಲಿಪಿ ಬಿಡಿಸಿದ ಮೊದಲಿಗರಲ್ಲಿ ಒಬ್ಬನಾದ ಹೆನ್ರಿ ರಾಲಿನ್‌ಸನ್‌ಗೆ ಪರಿಚಯಿಸಿದ. ಇಸ್ರೇಲಿನ ದೊರೆ ಯೇಹು ಅಸ್ಸೀರಿಯಕ್ಕೆ ಕಪ್ಪ ಕೊಟ್ಟ ವರ್ಷವನ್ನು 1866ರಲ್ಲಿ ಸ್ಮಿತ್ ಗುರುತಿಸಿದ. ಮರುವರ್ಷ ಮ್ಯೂಸಿಯಂನಲ್ಲೇ ಸಹಾಯಕನ ಕೆಲಸ ಸಿಕ್ಕಿತು. ಅವನ ಕೆತ್ತನೆಯ ಉಳಿ ಅಲ್ಲಿಗೆ ಮೂಲೆ ಸೇರಿತು.

ಹೊಸ ಕೆಲಸವೇನೂ ಸೊಗಸಾಗಿರಲಿಲ್ಲ. ಬೆಂಕಿಯ ಭಯದಿಂದ ಮ್ಯೂಸಿಯಂನಲ್ಲಿ ದೀಪ ಹಚ್ಚುವಂತಿರಲಿಲ್ಲ. ಕಿಟಕಿಯ ಬೆಳಕೇ ಗತಿ. ಲಂಡನ್ನಿನ ಮಂಜು ಕವಿದರೆ ಅದೂ ಇಲ್ಲ. ಚೂರುಗಳನ್ನು ವಿಷಯವಾರು ವಿಂಗಡಿಸುತ್ತ ಕೂತಿದ್ದ ಸ್ಮಿತ್‌ಗೆ 1872ರ ನವೆಂಬರಿನಲ್ಲಿ ಅಂಗೈಗಿಂತ ತುಸು ದೊಡ್ಡದಾದ ಒಂದು ತುಂಡು ಎದುರಾಯಿತು. ಬೆಟ್ಟದ ಮೇಲೆ ನಿಂತ ಹಡಗು. ಹೊರಗೆ ಬಿಟ್ಟ ಪಾರಿವಾಳ ಕೂರಲು ಜಾಗವಿಲ್ಲದೆ ಮರಳಿದ್ದು. ಬೈಬಲ್ಲಿನ ನೋಹನ ಪ್ರಳಯಕತೆಯೇ! ಆದರೆ ಫಲಕದ ಬಹುಭಾಗವನ್ನು ಸುಣ್ಣದಂಥ ಗಟ್ಟಿ ಪದರ ಮುಚ್ಚಿತ್ತು. ಅದನ್ನು ತೆಗೆಯಬಲ್ಲವನು ರಾಬರ್ಟ್ ರೆಡಿ ಒಬ್ಬನೇ, ಅವನೋ ಊರಲ್ಲಿರಲಿಲ್ಲ. ಬೇರೆಯವರು ಮುಟ್ಟುವಂತಿಲ್ಲವೆಂದು ಬರ್ಚ್‌ನ ಕಟ್ಟಪ್ಪಣೆ. ಮೊದಲೇ ಸೂಕ್ಷ್ಮ ಸ್ವಭಾವದ ಸ್ಮಿತ್ ದಿನಗಟ್ಟಲೆ ಚಡಪಡಿಸಿದ.

ಕೊನೆಗೂ ರೆಡಿ ಬಂದ, ಪದರ ಬಿಟ್ಟಿತು, ಸಾಲುಗಳು ಕಂಡವು. ಓದಿದ ಸ್ಮಿತ್, ಎರಡು ಸಾವಿರ ವರ್ಷಗಳ ಮರೆವಿನ ನಂತರ ಇದನ್ನು ಓದಿದ ಮೊದಲಿಗ ತಾನೇ ಎಂದು ಕೂಗಿ, ಫಲಕವನ್ನು ಮೇಜಿನ ಮೇಲಿಟ್ಟು ಕೋಣೆಯ ತುಂಬ ಓಡಾಡಿದ. ನೋಡುತ್ತಿದ್ದವರು ಬೆಪ್ಪಾಗುವಂತೆ ಬಟ್ಟೆ ಬಿಚ್ಚತೊಡಗಿದ. ಇದನ್ನು ದಾಖಲಿಸಿದ, ಮುಂದೆ ಅದೇ ಮ್ಯೂಸಿಯಂ ಸೇರಿದ ವಾಲಿಸ್ ಬಜ್ ಬರೆದದ್ದು ಎಷ್ಟೋ ವರ್ಷಗಳ ಮೇಲೆ. ಎಷ್ಟು ಬಟ್ಟೆ ಕಳಚಿತೋ ಅವನೂ ಹೇಳಿಲ್ಲ.

ಡಿಸೆಂಬರ್ 3ರಂದು ಸ್ಮಿತ್ ಇದನ್ನು ವಿದ್ವತ್ಸಭೆಯ ಮುಂದಿಟ್ಟಾಗ ಕೇಳಲು ಪ್ರಧಾನಿ ಗ್ಲಾಡ್‌ಸ್ಟನ್ ಕೂಡ ಬಂದಿದ್ದ. ಕತೆಯಲ್ಲಿ ಇನ್ನೂ ಬಿರುಕುಗಳಿದ್ದವು. ಉಳಿದ ಚೂರು ಹುಡುಕಿ ತನ್ನಿ ಎಂದು ‘ಡೈಲಿ ಟೆಲಿಗ್ರಾಫ್’ ಪತ್ರಿಕೆ 1000 ಗಿನಿ ಮುಂದಿಟ್ಟಿತು. ಮಣ್ಣಿನ ರಾಶಿಯಲ್ಲಿ ನಿರ್ದಿಷ್ಟವಾಗಿ ಒಂದೇ ಚೂರು! 1873ರ ಜನವರಿಯಲ್ಲಿ ಹೊರಟವನು ತುರ್ಕಿ ಸರ್ಕಾರದ ಪರವಾನಗಿಗಾಗಿ ಕಾದೂ ಕಾದೂ ಹೈರಾಣಾದ. ಮೇ ತಿಂಗಳಲ್ಲಿ ನಿನೆವೆಯ ದಿಬ್ಬದಲ್ಲಿ ಅಗೆತ ಶುರುವಾಯಿತು. 14ರ ಸಂಜೆ, ಅಂದು ಸಿಕ್ಕ ತುಂಡುಗಳ ಮಣ್ಣನ್ನು ಬ್ರಷ್ಷಿನಿಂದ ಕೊಡವುತ್ತ ಓದುತ್ತಿದ್ದಾಗ ಒಂದರಲ್ಲಿ ಪ್ರಳಯದ 17 ಸಾಲುಗಳು ಕಂಡವು. ಖಾಲಿ ಜಾಗಕ್ಕೆ ಹೇಳಿ ಮಾಡಿಸಿದಂತೆ ಕೂಡುತ್ತವೆಂದು ಅವನಿಗನಿಸಿತು. ಸುದ್ದಿ ಸಿಕ್ಕಿತಲ್ಲ, ಇನ್ನು ಸಾಕು, ವಾಪಸು ಬನ್ನಿ ಎಂದಿತು ಪತ್ರಿಕೆ. ಅಗೆಯುವ ಆಸೆ ತೀರದ ಸ್ಮಿತ್ ಬೇಸರದಿಂದಲೇ ಮರಳಿದ. ಮ್ಯೂಸಿಯಂ ವೆಚ್ಚದಲ್ಲಿ ಮತ್ತೆ ಹೋದ. ಮೂರನೆಯ ಯಾತ್ರೆಯಲ್ಲಿ, 1876ರ ಆಗಸ್ಟಿನಲ್ಲಿ, ಭೇದಿಯಿಂದ ನರಳಿ ಅಲೆಪ್ಪೊದಲ್ಲಿ ತೀರಿಕೊಂಡ. ಆಗಿನ್ನೂ 36 ವರ್ಷ.

ಪದವೀಧರರಿಗೆ ಸಿಗದ್ದು ಅವನಿಗೆ ಸಿಕ್ಕಿದ್ದಕ್ಕೆ ಬಿಟ್ಟುಬಂದ ಕಸುಬೇ ಕಾರಣವೆನ್ನಬೇಕು. ಬೆಣೆಲಿಪಿಯಲ್ಲಿ ಒಂದು ಗೀಟು ಹೆಚ್ಚೋ ಕಡಿಮೆಯೋ ಆದರೆ ಅಕ್ಷರವೇ ಬೇರೆ. ಅಂಥ ಗೀಟನ್ನು ಹಿಡಿಯಲು ನೋಟಿನ ತಗಡು ಅವನ ಕಣ್ಣನ್ನು ಪಳಗಿಸಿತ್ತು. ಓದಿದ ಫಲಕ ಒಂದು ಮಹಾಕಾವ್ಯದ ಹನ್ನೊಂದನೆಯದು. ನಾಯಕನ ಹೆಸರನ್ನು ಸ್ಮಿತ್ ‘ಇಜ್ದುಬಾರ್’ ಎಂದು ಓದಿದ್ದ; ಅದು ಗಿಲ್ಗಮೆಶ್ ಎಂದು 1890ರಲ್ಲಿ ಥಿಯೋಫಿಲಸ್ ಪಿಂಚಸ್ ತೋರಿಸಿದ. ನಿನೆವೆಯ 17 ಸಾಲುಗಳಂತೂ ಆ ಕಾವ್ಯದವೇ ಅಲ್ಲ. ಗಿಲ್ಗಮೆಶನ ಪ್ರಳಯಕತೆಗೇ ಮೂಲವಾದ, ಇನ್ನೂ ಹಳೆಯ ‘ಅತ್ರಹಸಿಸ್’ ಕಾವ್ಯದವು.